ಕೀಟನ್‌ನನ್ನು ಮುಗಿಸಿದ್ದು ಟಾಕಿ ಅಲ್ಲ

ಬಸ್ಟರ್ ಕೀಟನ್ ಬಗ್ಗೆ ಎಲ್ಲೇ ಓದಿದರೂ ಒಂದು ಮಾತು ಎದುರಾಗುತ್ತದೆ. ಮೂಕಿ ಕಾಲದ ದೊಡ್ಡ ಹಾಸ್ಯನಟ, ಟಾಕಿ ಬಂದಮೇಲೆ ಮೂಲೆ ಸೇರಿದ ಅಂತ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಡೆಯಲು ಕಲಿತ ಕಾಲದಿಂದ ಸ್ಟೇಜ್ ಮೇಲೇ ಬೆಳೆದವನು ಅವನು. ದಪ್ಪನೆಯ, ಗಟ್ಟಿ ದನಿ ಇತ್ತು. ಹಾಡಲು ಕುಣಿಯಲು ಬರುತ್ತಿತ್ತು. ಅಂಥವನಿಗೆ ಮೈಕ್ ಕಂಡರೆ ಯಾಕೆ ಭಯ? ಅವನ ಕೆಲಸವನ್ನು ಹಾಳು ಮಾಡಿದ್ದು 1928ರಲ್ಲಿ ಎಂಜಿಎಂ ಸ್ಟುಡಿಯೋ ಜೊತೆ ಆದ ಕರಾರು. ಈ ವಿಷಯ ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು.

ಹುಟ್ಟಿದ್ದು 1895ರ ಅಕ್ಟೋಬರ್ 4ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಪುಟ್ಟ ಊರಲ್ಲಿ. ಅಪ್ಪ ಜೋ, ಅಮ್ಮ ಮೈರಾ ಊರೂರು ತಿರುಗಿ ವಾಡ್‌ವಿಲ್ ಶೋ ಮಾಡುತ್ತಿದ್ದರು. ಹಾಡು, ಕಸರತ್ತು, ಹಾಸ್ಯ ಎಲ್ಲ ಒಂದೇ ಟಿಕೆಟ್‌ಗೆ ಸಿಗುವ ಸ್ಟೇಜ್ ಶೋ ಅದು. ಮಗ ಸೇರಿದ ಮೇಲೆ ‘ದಿ ತ್ರೀ ಕೀಟನ್ಸ್’ ಅಂತ ಹೆಸರಾಯಿತು. ಆಟ ಏನು ಗೊತ್ತಾ? ತಂಟೆ ಮಾಡುವ ಮಗನನ್ನು ಅಪ್ಪ ಎತ್ತಿ ಎಸೆಯುವುದು. ಎಸೆಯಲು ಸುಲಭವಾಗಲಿ ಅಂತ ಹುಡುಗನ ಅಂಗಿಯ ಬೆನ್ನಿಗೆ ಹಿಡಿಕೆ ಹೊಲಿದಿದ್ದರು. ಮಕ್ಕಳ ರಕ್ಷಣೆಯ ಸಂಘದವರು ಬೆನ್ನು ಬಿದ್ದು ಎಷ್ಟೋ ಸಲ ಶೋ ತಡೆಯಲು ನೋಡಿದರು. ತಾನು ನಕ್ಕರೆ ಜನ ನಗುವುದಿಲ್ಲ, ಮುಖದಲ್ಲಿ ಏನೂ ತೋರಿಸದೆ ಎದ್ದು ನಿಂತರೆ ಜಾಸ್ತಿ ನಗುತ್ತಾರೆ ಅನ್ನುವುದು ಆ ಹುಡುಗನಿಗೆ ಅಲ್ಲೇ ಹೊಳೆಯಿತು. ಮುಂದೆ ಜಗತ್ತಿಗೆಲ್ಲ ಗೊತ್ತಾದ ಆ ನಗದ ಮುಖ ಶುರುವಾಗಿದ್ದು ಹೀಗೆ. ಇದನ್ನು ಮುದ್ದಾದ ಬಾಲ್ಯದ ಕಥೆ ಅಂತ ಓದಲು ನನ್ನಿಂದಾಗದು. ಅಪ್ಪನ ಕುಡಿತ ಹೆಚ್ಚುತ್ತಾ ಹೋಯಿತು. ಕುಡಿದವನ ಕೈಯಲ್ಲಿ ಆ ಆಟ ಅಪಾಯವಾಯಿತು. 1917ಕ್ಕೆ ತಂಡ ಮುರಿಯಿತು.

ಅದೇ ವರ್ಷ ನ್ಯೂಯಾರ್ಕ್‌ನಲ್ಲಿ ಹಾಸ್ಯನಟ ರಾಸ್ಕೋ ಆರ್ಬಕಲ್‌ನ ಶೂಟಿಂಗ್‌ಗೆ ಹೋದ. ಅಲ್ಲಿನ ಕ್ಯಾಮೆರಾ ಕಂಡು ಮರುಳಾದ. ಅದರ ಹೊಟ್ಟೆಯೊಳಗೆ ಏನೇನಿದೆ ಅಂತ ಬಿಚ್ಚಿ ನೋಡಿದ್ದನ್ನು ಮುಂದೆ ತಾನೇ ಹೇಳಿಕೊಳ್ಳುತ್ತಿದ್ದ. ನನ್ನ ಪ್ರಕಾರ ಕೀಟನ್ ಮೊದಲು ಎಂಜಿನಿಯರ್, ಆಮೇಲೆ ನಟ. 1920ರಲ್ಲಿ ಚಿತ್ರ ತಯಾರಿಸುವ ಅವನದೇ ಘಟಕ ಶುರುವಾಯಿತು. ಹಣಕಾಸು ನೋಡಿಕೊಳ್ಳುತ್ತಿದ್ದವನು ನಿರ್ಮಾಪಕ ಜೋಸೆಫ್ ಶೆಂಕ್. ಆಗ ಅವನು ಕೆಲಸದಲ್ಲಿ ತಲೆ ಹಾಕುತ್ತಿರಲಿಲ್ಲ. ಕ್ಲೈಡ್ ಬ್ರಕ್‌ಮನ್, ಜೀನ್ ಹ್ಯಾವೆಜ್ ಥರದ ಗ್ಯಾಗ್ (ನಗಿಸುವ ಪುಟ್ಟ ಪ್ರಸಂಗ) ಹೆಣೆಯುವವರು, ಕ್ಯಾಮೆರಾಕ್ಕೆ ಎಲ್ಜಿನ್ ಲೆಸ್ಲಿ, ಸೆಟ್ ಮತ್ತು ಯಂತ್ರಗಳಿಗೆ ಫ್ರೆಡ್ ಗ್ಯಾಬುರಿ. ಸ್ಕ್ರಿಪ್ಟ್ ಅಂತ ಬರೆದಿಡುವ ಪದ್ಧತಿಯೇ ಇರಲಿಲ್ಲ. ಕಥೆಯ ಶುರು ಮತ್ತು ಕೊನೆ ಸಿಕ್ಕರೆ ಸಾಕು, ನಡುವಿನದ್ದು ತಾನಾಗಿ ಬರುತ್ತದೆ ಅನ್ನುವ ನಂಬಿಕೆ. ಹೊಳೆಯದಿದ್ದರೆ ಎಲ್ಲರೂ ಹೊರಗೆ ಹೋಗಿ ಬೇಸ್‌ಬಾಲ್ ಆಡುತ್ತಿದ್ದರು. ಹೊಳೆದ ಮೇಲೆ ವಾಪಸ್ ಬಂದು ಶೂಟ್ ಮಾಡುತ್ತಿದ್ದರು.

ಹೀಗೆ ಕೆಲಸ ಮಾಡಿದ ಎಂಟು ವರ್ಷಗಳಲ್ಲಿ ಏನೇನು ಬಂತು ನೋಡಿ. 1924ರ ‘ಶರ್ಲಾಕ್ ಜೂನಿಯರ್’ನಲ್ಲಿ ಪ್ರೊಜೆಕ್ಟರ್ ಓಡಿಸುವ ಹುಡುಗ ನಿದ್ದೆಗೆ ಜಾರುತ್ತಾನೆ, ಕನಸಿನಲ್ಲಿ ಎದ್ದು ಹೋಗಿ ಪರದೆಯೊಳಗೆ ಕಾಲಿಡುತ್ತಾನೆ. ಒಳಗೆ ಹೋದ ಮೇಲೆ ಅವನ ಸುತ್ತ ಜಾಗ ಬದಲಾಗುತ್ತಲೇ ಇರುತ್ತದೆ, ಅವನು ಮಾತ್ರ ಇದ್ದಲ್ಲೇ ಇರುತ್ತಾನೆ. ಪ್ರತಿ ಶಾಟ್‌ಗೂ ಕ್ಯಾಮೆರಾದಿಂದ ಅವನಿರುವ ದೂರವನ್ನು ಸರ್ವೆ ಉಪಕರಣ ಇಟ್ಟು ಅಳೆದಿದ್ದರು. ಕಂಪ್ಯೂಟರ್ ಇಲ್ಲದ ಕಾಲ ಅದು! ಅದೇ ಚಿತ್ರದಲ್ಲಿ ರೈಲ್ವೆ ನೀರಿನ ಟ್ಯಾಂಕಿನ ಕೊಳವೆ ಹಿಡಿದು ನೇತಾಡುವಾಗ ನೀರು ರಭಸವಾಗಿ ಬಿದ್ದು ಅವನ ಕುತ್ತಿಗೆ ಹಳಿಗೆ ಬಡಿಯಿತು. ತಲೆನೋವು ಅಂದುಕೊಂಡು ಕೆಲಸ ಮುಂದುವರಿಸಿದ. ಕುತ್ತಿಗೆಯ ಮೂಳೆ ಮುರಿದಿತ್ತು ಅನ್ನುವುದು ಎಷ್ಟೋ ವರ್ಷದ ಮೇಲೆ ಎಕ್ಸ್‌ರೇ ತೆಗೆದಾಗ ಗೊತ್ತಾಯಿತು.

1926ರ ‘ದಿ ಜನರಲ್’ಗಾಗಿ ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಎಂಬಲ್ಲಿ ಸೇತುವೆ ಕಟ್ಟಿ, ಬೆಂಕಿ ಹಚ್ಚಿ, ನಿಜವಾದ ರೈಲು ಎಂಜಿನ್ ಒಂದನ್ನು ನದಿಗೆ ಬೀಳಿಸಿದ. ಆ ಒಂದು ಶಾಟ್‌ಗೆ ಸುಮಾರು 42,000 ಡಾಲರ್ ಆಯಿತು ಅನ್ನುತ್ತಾರೆ. ಮೂಕಿ ಕಾಲದ ಅತಿ ದುಬಾರಿ ಶಾಟ್ ಅಂತ ಅದಕ್ಕೆ ಹೆಸರು. ಎಂಜಿನ್ ಎರಡನೇ ಮಹಾಯುದ್ಧದ ಹೊತ್ತಿಗೆ ಗುಜರಿಗೆ ಎತ್ತುವವರೆಗೂ ನದಿಯಲ್ಲೇ ಬಿದ್ದಿತ್ತು. ಆದರೆ ನನಗೆ ಇಷ್ಟವಾಗುವುದು ಅದೇ ಚಿತ್ರದ ಬೇರೆ ದೃಶ್ಯ. ಪ್ರೀತಿಸಿದವಳು ಬೈದು ಹೋಗಿದ್ದಾಳೆ. ಬೇಜಾರಿನಲ್ಲಿ ಎಂಜಿನ್ ಚಕ್ರಗಳನ್ನು ಜೋಡಿಸುವ ಕಬ್ಬಿಣದ ತೊಲೆಯ ಮೇಲೆ ಕೂತಿದ್ದಾನೆ. ಎಂಜಿನ್ ಹೊರಡುತ್ತದೆ. ತೊಲೆಯ ಜೊತೆ ಅವನೂ ಮೇಲೆ ಕೆಳಗೆ ಹೋಗುತ್ತಾನೆ, ಅವನಿಗೆ ಗೊತ್ತೇ ಆಗುವುದಿಲ್ಲ. ಚಕ್ರ ಸ್ವಲ್ಪ ಜಾರಿದ್ದರೂ ಜೀವ ಹೋಗುತ್ತಿತ್ತು. ದುಃಖವನ್ನು ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ನೆನಪಾಗುತ್ತಿಲ್ಲ.

‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನ ಮನೆ ಬೀಳುವ ದೃಶ್ಯ ನೀವು ರೀಲ್ಸ್‌ನಲ್ಲಿ ನೋಡಿಯೇ ಇರುತ್ತೀರಿ. ಎರಡು ಟನ್ ತೂಕದ ಮುಂಗೋಡೆ ಅವನ ಮೇಲೆ ಬೀಳುತ್ತದೆ. ಅವನು ನಿಂತ ಜಾಗಕ್ಕೆ ಸರಿಯಾಗಿ ಕಿಟಕಿ ಬರುತ್ತದೆ. ಸುತ್ತ ಉಳಿದದ್ದು ಕೆಲವೇ ಇಂಚು ಜಾಗ. ಅದನ್ನು ಹುಚ್ಚು ಧೈರ್ಯ ಅಂತ ಷೇರ್ ಮಾಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಲೆಕ್ಕಾಚಾರ, ಮತ್ತು ತನ್ನ ತಂಡದ ಮೇಲಿನ ನಂಬಿಕೆ.

ಆ ಚಿತ್ರ ಬಂದ ವರ್ಷವೇ ಶೆಂಕ್ ಘಟಕ ಮುಚ್ಚಿ ಅವನನ್ನು ಎಂಜಿಎಂಗೆ ದಾಟಿಸಿದ. ಎಂಜಿಎಂ ಮೇಲಿದ್ದ ಕಂಪನಿಯ ಯಜಮಾನ ಶೆಂಕ್‌ನ ತಮ್ಮ ನಿಕೊಲಾಸ್. ಶೆಂಕ್ ಮತ್ತು ಕೀಟನ್ ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರು. ಮನೆಯವರನ್ನು ನಂಬದೆ ಇನ್ಯಾರನ್ನು ನಂಬಬೇಕು? ಹೋಗಬೇಡ ಅಂತ ಚಾಪ್ಲಿನ್ ಮತ್ತು ಆ ಕಾಲದ ಇನ್ನೊಬ್ಬ ದೊಡ್ಡ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಇಬ್ಬರೂ ಹೇಳಿದ್ದರು. ಅವರಿಬ್ಬರ ಚಿತ್ರಗಳು ಅವರ ಕೈಯಲ್ಲೇ ಇದ್ದವು. ಕೀಟನ್‌ನದ್ದು ಹಾಗಿರಲಿಲ್ಲ. ಜೀವನದ ದೊಡ್ಡ ತಪ್ಪು ಅದೇ ಅಂತ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಎಂಜಿಎಂನಲ್ಲಿ ಎಲ್ಲಕ್ಕೂ ಮೊದಲೇ ಬರೆದ ಸ್ಕ್ರಿಪ್ಟ್ ಬೇಕು. ಅಪಾಯದ ಸ್ಟಂಟ್ ಮಾಡುವಂತಿಲ್ಲ. ಹಳೆಯ ತಂಡ ಚದುರಿತು. ಮೊದಲ ಚಿತ್ರ ‘ದಿ ಕ್ಯಾಮೆರಾಮನ್’ ಹೇಗೋ ಚೆನ್ನಾಗಿಯೇ ಬಂತು. ಆಮೇಲೆ ಟಾಕಿಗಳು. ಮಾತಿನ ಮಳೆ ಸುರಿಸುವ ಜಿಮ್ಮಿ ಡುರಾಂಟೆಯನ್ನು ಪಕ್ಕದಲ್ಲಿ ನಿಲ್ಲಿಸಿದರು. ಯೋಚಿಸಿ ದಾರಿ ಹುಡುಕುವ ಕೀಟನ್‌ನ ಪಾತ್ರವನ್ನು ಬರೀ ಪೆದ್ದನನ್ನಾಗಿ ಮಾಡಿದರು. ಜನ ಮರೆಯುವ ಸಂಗತಿ ಇನ್ನೊಂದಿದೆ. ಈ ಟಾಕಿಗಳು ಸೋಲಲಿಲ್ಲ, ಒಳ್ಳೆಯ ದುಡ್ಡು ಮಾಡಿದವು. ‘ದಿ ಜನರಲ್’ ಬಂದಾಗ ವಿಮರ್ಶಕರು ಬೈದಿದ್ದರು, ಗಲ್ಲಾಪೆಟ್ಟಿಗೆಯೂ ಕೈಕೊಟ್ಟಿತ್ತು. ಸ್ಟುಡಿಯೋದವರಿಗೆ ತಾವೇ ಸರಿ ಅನ್ನಿಸಲು ಇಷ್ಟು ಸಾಕಿತ್ತು. ನನಗೆ ಅತ್ಯಂತ ನೋವು ಕೊಡುವ ಭಾಗ ಇದು. ಲಾಭ ಬರುತ್ತಿದ್ದಾಗಲೇ ಅವನು ಒಳಗೊಳಗೆ ಕುಸಿಯುತ್ತಿದ್ದ.

ಆಮೇಲಿನದ್ದು ಎಲ್ಲರೂ ಬೆಳೆಸಿ ಬರೆಯುವ ಭಾಗ: ಕುಡಿತ, 1932ರ ವಿಚ್ಛೇದನ, ಮಕ್ಕಳ ಹೆಸರಿನಿಂದ ಅವನ ಮನೆತನದ ಹೆಸರನ್ನೇ ತೆಗೆದಿದ್ದು, 1933ರಲ್ಲಿ ಕೆಲಸ ಹೋಗಿದ್ದು. ವಾರಕ್ಕೆ 3,000 ಡಾಲರ್ ತಗೊಳ್ಳುತ್ತಿದ್ದವನು ಕೆಲವು ವರ್ಷದ ನಂತರ ಅದೇ ಎಂಜಿಎಂಗೆ ವಾರಕ್ಕೆ 100 ಡಾಲರ್‌ಗೆ ಬೇರೆಯವರಿಗೆ ಗ್ಯಾಗ್ ಹೇಳಿಕೊಡಲು ಹೋದ. ಇದನ್ನು ಓದಿ ‘ಪಾಪ’ ಅನ್ನುವವರಿಗೆ ನನ್ನದೊಂದು ವಿನಂತಿ. ಅವನು ಕೆಲಸ ಬಿಟ್ಟು ಕೂರಲಿಲ್ಲ. 1940ರಲ್ಲಿ ನೃತ್ಯಗಾತಿ ಎಲೀನರ್ ನಾರಿಸ್‌ಳನ್ನು ಮದುವೆಯಾದ, ಆ ಸಂಸಾರ ಕೊನೆಯವರೆಗೂ ಚೆನ್ನಾಗಿತ್ತು. ಪ್ಯಾರಿಸ್‌ನ ಸರ್ಕಸ್‌ನಲ್ಲಿ ಆಡಿದ. ಟಿವಿ ಬಂದಾಗ ಟಿವಿಗೆ ಹೋದ. ಬೆವರ್ಲಿ ಹಿಲ್ಸ್‌ನಲ್ಲಿ ಅವನಿದ್ದ ಹಳೆಯ ಮನೆಯನ್ನು ಕೊಂಡ ನಟ ಜೇಮ್ಸ್ ಮೇಸನ್‌ಗೆ ಅಲ್ಲಿ ಹಳೆಯ ಫಿಲ್ಮ್ ಡಬ್ಬಗಳು ಸಿಕ್ಕವು. ಕಳೆದುಹೋದವು ಅಂದುಕೊಂಡಿದ್ದ ಚಿತ್ರಗಳು ಮತ್ತೆ ಓಡಿದವು. 1960ರಲ್ಲಿ ಗೌರವ ಆಸ್ಕರ್ ಬಂತು. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 1966ರ ಫೆಬ್ರವರಿ 1ರಂದು ತೀರಿಕೊಂಡಾಗ ಅವನು ನಟಿಸಿದ ಚಿತ್ರಗಳು ಇನ್ನೂ ಬಿಡುಗಡೆಗೆ ಬಾಕಿ ಇದ್ದವು.

ಅವನ ಮೂಕಿ ಚಿತ್ರಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ರೀಲ್ಸ್ ತುಣುಕು ಬೇಡ, ಇಡೀ ಚಿತ್ರ ನೋಡಿ. 1920ರ ‘ಒನ್ ವೀಕ್’ನಿಂದ ಶುರು ಮಾಡಿ, ಇಪ್ಪತ್ತು ನಿಮಿಷ ಚಿಲ್ಲರೆ ಅಷ್ಟೇ. ಹೊಸದಾಗಿ ಮದುವೆಯಾದವರು ಪೆಟ್ಟಿಗೆಯಲ್ಲಿ ಬಂದ ಮನೆಯ ಭಾಗಗಳನ್ನು ಜೋಡಿಸುವ ಕಥೆ. ಮನೆಯಲ್ಲಿ ಮಕ್ಕಳಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ, ಏನನ್ನೂ ವಿವರಿಸಬೇಕಾಗುವುದಿಲ್ಲ. ಸಾಧ್ಯವಾದರೆ ಓಟದ ವೇಗ ಸರಿಪಡಿಸಿದ ಪ್ರಿಂಟ್ ಹುಡುಕಿ. ವೇಗ ತಪ್ಪಿದ ಪ್ರಿಂಟ್‌ನಲ್ಲಿ ಎಲ್ಲರೂ ಗಡಿಬಿಡಿಯಲ್ಲಿ ಓಡುವಂತೆ ಕಾಣುತ್ತದೆ. ಅವನು ಅಷ್ಟು ಲೆಕ್ಕ ಹಾಕಿ ಇಟ್ಟ ಹೆಜ್ಜೆ ಅದರಲ್ಲಿ ಗೊತ್ತಾಗುವುದೇ ಇಲ್ಲ.