ಒಂದು ಗಂಟೆಯ ಆಪರೇಷನ್, ಆಮೇಲಿನದ್ದು ಯಾರ ಲೆಕ್ಕ?

ಈಗಷ್ಟೇ ಒಂದು ಜಾಹೀರಾತಿನ ವಿಡಿಯೋ ಕಣ್ಣಿಗೆ ಬಿತ್ತು. "ಒಂದೇ ಗಂಟೆ, ಎರಡೇ ದಿನ, ಬೊಜ್ಜು ಮಾಯ!" ಹಳೇ ಪ್ಯಾಂಟಿನ ಸೊಂಟ ಎಳೆದು ತೋರಿಸುವ ನಗುಮುಖ ಬೇರೆ. ಗಂಟೆಯ ಲೆಕ್ಕ ಸುಳ್ಳಲ್ಲ ಮಾರಾಯ್ರೆ. ಆಮೇಲಿನ ವರ್ಷಗಳ ಲೆಕ್ಕ ಎಲ್ಲಿ?

ಬೊಜ್ಜು ಇಳಿಸೋ ಆಪರೇಷನ್‌ಗಳಲ್ಲಿ ಒಂದು ಸ್ಲೀವ್. ಅದರಲ್ಲಿ ಏನು ಮಾಡ್ತಾರೆ? ಬಾಯಿಂದ ಜಠರಕ್ಕೆ ಬೆರಳು ದಪ್ಪದ ಕೊಳವೆ ಇಳಿಸಿ, ಅದರ ಪಕ್ಕಕ್ಕೇ ಸ್ಟೇಪ್ಲರ್ ಹೊಡೆಯುತ್ತಾ ಹೋಗಿ, ಜಠರದ ಶೇ. 75-80 ಭಾಗ ಕತ್ತರಿಸಿ ಹೊರಗೆ ತೆಗೆಯುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನಿನ ಮುಖ್ಯ ಜಾಗವೂ ಅದರ ಜೊತೆಗೇ ಹೋಗುತ್ತೆ. ಕತ್ತರಿಸಿದ್ದನ್ನು ಮತ್ತೆ ಅಂಟಿಸೋಕಾಗಲ್ಲ. ಆ ಉದ್ದದ ಹೊಲಿಗೆ ಸೋರುವುದು ಅಪರೂಪ. ಸೋರಿದರೆ ಹೆಚ್ಚಾಗಿ ಮೇಲ್ತುದಿಯಲ್ಲಿ, ಅನ್ನನಾಳ ಸೇರುವ ಮೂಲೆಯಲ್ಲಿ. ಅಲ್ಲಿ ರಕ್ತದ ಓಡಾಟ ಕಡಿಮೆ, ಕಿರಿದಾದ ಕೊಳವೆಯೊಳಗೆ ಒತ್ತಡ ಜಾಸ್ತಿ. ಎಷ್ಟೋ ಸಲ ಹೊಟ್ಟೆನೋವಿಗಿಂತ ಮೊದಲು ನಾಡಿ ಓಡತೊಡಗುತ್ತೆ. ನಿಮಿಷಕ್ಕೆ 120 ದಾಟಿ ಇಳಿಯದೇ ಇದ್ದಾಗ "ಗ್ಯಾಸ್ ಇರ್ಬೇಕು" ಅಂತ ಮನೇಲಿ ಕೂತರೆ ಕೆಟ್ಟಿತು.

ಮೊದಲೇ ಎದೆಯುರಿ ಜೋರಾಗಿದ್ದರೆ ಸ್ಲೀವ್ ಅದನ್ನು ಇನ್ನಷ್ಟು ಕೆರಳಿಸಬಹುದು. ಅಂಥವರಿಗೆ ಇನ್ನೊಂದು ಬಗೆ, ಜಠರದ ಬೈಪಾಸ್ ವಾಸಿ. ಅದರಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಉಳಿಸಿ, ಸಣ್ಣ ಕರುಳನ್ನು ಮೇಲಕ್ಕೆ ತಂದು ಜೋಡಿಸುತ್ತಾರೆ. ಸಿಹಿ ಜಾಸ್ತಿಯಾದರೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಭೇದಿ. ಸಿಗರೇಟು ಬಿಡದಿದ್ದರೆ, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ನುಂಗುತ್ತಿದ್ದರೆ ಜೋಡಣೆಯ ಜಾಗದಲ್ಲೇ ಹುಣ್ಣು.

"ಬಾಯಿ ಕಟ್ಟಿ ನಾಲ್ಕು ಹೆಜ್ಜೆ ನಡೆದ್ರೆ ಸಾಲ್ದಾ?" ಅಂತ ಕಾಮೆಂಟ್ ಹಾಕೋಕೆ ಬರ್ತಿದ್ದೀರಲ್ಲ, ಸ್ವಲ್ಪ ತಡೀರಿ. ಬಿಎಂಐ, ಅಂದ್ರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 40 ದಾಟಿದ ದೇಹ ತೂಕ ಇಳಿದಷ್ಟೂ ಹಸಿವು ಹೆಚ್ಚಿಸಿ ಸೇಡು ತೀರಿಸಿಕೊಳ್ಳುತ್ತೆ. ನಾಲಿಗೆ ಚಪಲ ಅಂತ ಹಂಗಿಸಿದರೆ ಅದು ಬಗ್ಗಲ್ಲ. ಆಪರೇಷನ್ ಬೇಡ ಅನ್ನೋನು ನಾನಲ್ಲ. ಅನುಭವಿ ತಂಡದ ಕೈಯಲ್ಲಿ ಜೀವಾಪಾಯ ಪಿತ್ತಕೋಶದ ಆಪರೇಷನ್‌ನಷ್ಟೇ ಕಡಿಮೆ. ಸಿಟ್ಟು ಬಂದಿರೋದು ಆ "ಎರಡೇ ದಿನ"ದ ಮೇಲೆ.

ಎರಡು ದಿನವಂತೆ! ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಬದುಕಿರುವವರೆಗೂ ಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗೋ ಹಾಗಿಲ್ಲ, ನಡುವೆ ಎರಡು ಗಂಟೆ ಅಂತರ. ಬೈಪಾಸ್ ಆದವರಿಗೆ ಕ್ಯಾಲ್ಸಿಯಂ ಸಿಟ್ರೇಟ್ ಒಳ್ಳೆಯದು, ಕಾರ್ಬೊನೇಟ್ ಕರಗೋಕೆ ಆಮ್ಲ ಸಾಲಲ್ಲ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಹೋಗಬೇಕು, ಅದೂ ಆ ಪುಟ್ಟ ಚೀಲದ ಮೂಲಕ. ತೂಕ ಸರಸರ ಇಳಿಯುವಾಗ ಪಿತ್ತಗಲ್ಲು ಕಟ್ಟಬಹುದು. ಬಸಿರು 12ರಿಂದ 18 ತಿಂಗಳು ಮುಂದೂಡಬೇಕು.

ಹೇಳಲೇಬೇಕಾದ್ದು ಇನ್ನೊಂದಿದೆ. ದಿನಗಟ್ಟಲೆ ವಾಂತಿಯಾದರೆ ವಿಟಮಿನ್ ಬಿ1 ಖಾಲಿಯಾಗುತ್ತೆ. ಕಣ್ಣಿಗೆ ಎರಡೆರಡು ಕಾಣುತ್ತೆ, ನಡಿಗೆ ತಪ್ಪುತ್ತೆ, ನೆನಪು ಕಲಸಿಹೋಗುತ್ತೆ. ಸುಸ್ತಾಗಿದ್ದಾರೆ ಅಂತ ಬಿ1 ಕೊಡದೆ ಗ್ಲೂಕೋಸ್ ಏರಿಸಿದರೆ ಉಳಿದಿರೋ ಚೂರೂ ಸುಟ್ಟುಹೋಗಿ ಮಿದುಳಿಗೇ ಪೆಟ್ಟು. ಮೊದಲು ಬಿ1 ಇಂಜೆಕ್ಷನ್, ಆಮೇಲೆ ಡ್ರಿಪ್. ಡ್ಯೂಟಿಯಲ್ಲಿರುವ ಡಾಕ್ಟರಿಗೆ "ತೂಕ ಇಳಿಸೋ ಹೊಟ್ಟೆಯ ಆಪರೇಷನ್ ಆಗಿದೆ" ಅಂತ ಮನೆಯವರು ಬಾಯಿಬಿಟ್ಟು ಹೇಳಬೇಕು. ವಿಡಿಯೋದಲ್ಲಿ ಇದಕ್ಕೆ ಜಾಗ ಸಾಲಲಿಲ್ಲವೇನೋ, ಪ್ಯಾಂಟು ಅಷ್ಟು ದೊಡ್ಡದಿತ್ತು.