ಎರಡು ಕಣ್ಣಿಗೆ ಎರಡು ನಂಬರ್ ಇದ್ದರೆ

"ನಮ್ ಹುಡುಗ ದೂರದಿಂದಲೇ ಟಿವಿ ನೋಡ್ತಾನೆ, ಕಣ್ಣು ಚೆನ್ನಾಗೇ ಇದೆ ಬಿಡಿ." ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತೆ. ಚೆನ್ನಾಗಿ ನೋಡುತ್ತಾನೆ ಸರಿ. ಎರಡೂ ಕಣ್ಣಿನಲ್ಲೋ, ಒಂದರಲ್ಲೋ ಅಂತ ಯಾರಾದರೂ ಮುಚ್ಚಿ ನೋಡಿದ್ದೀರಾ?

ಎರಡು ಕಣ್ಣಿನ ನಂಬರಿನಲ್ಲಿ ಕಾಲು, ಅರ್ಧ ಹೆಚ್ಚುಕಡಿಮೆ ಇರುವುದು ಮಾಮೂಲು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಡಯಾಪ್ಟರ್ (ನಂಬರ್ ಅಳೆಯುವ ಮಾನ, ಅಂದರೆ ಒಂದು ನಂಬರ್) ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಡಾಕ್ಟರು ಚೀಟಿಯಲ್ಲಿ ಅನೈಸೊಮೆಟ್ರೋಪಿಯಾ ಅಂತ ಬರೆಯುತ್ತಾರೆ. ಮಕ್ಕಳಲ್ಲಿ ಇದು ಪ್ಲಸ್ ನಂಬರಿನಲ್ಲಿ ಬಂದರೆ ಕಷ್ಟ ಹೆಚ್ಚು. ಬಲಗಣ್ಣು ಪ್ಲಸ್ 1, ಎಡಗಣ್ಣು ಪ್ಲಸ್ 4 ಅಂದುಕೊಳ್ಳಿ. ಪ್ಲಸ್ ಹೆಚ್ಚಿದ್ದಷ್ಟೂ ಫೋಕಸ್ ಮಾಡಲು ಹೆಚ್ಚು ಬಲ ಬೇಕು, ಆದರೆ ಎರಡೂ ಕಣ್ಣು ಹಾಕುವ ಬಲ ಒಂದೇ ಸಮ. ಒಂದಕ್ಕೆ ಜಾಸ್ತಿ ಇನ್ನೊಂದಕ್ಕೆ ಕಡಿಮೆ ಅಂತ ಹಾಕಲು ಬರಲ್ಲ. ಬಲಗಣ್ಣಿಗೆ ಸ್ಪಷ್ಟವಾದ ಕೂಡಲೇ ಆ ಪ್ರಯತ್ನ ಅಲ್ಲಿಗೇ ನಿಲ್ಲುತ್ತೆ. ಎಡಗಣ್ಣಿಗೆ ಹತ್ತಿರದ್ದೂ ಮಂಜು, ದೂರದ್ದೂ ಮಂಜು. ಮೈನಸ್ 3 ಇರುವ ಕಣ್ಣಿಗಾದರೆ ಪುಸ್ತಕ ಹತ್ತಿರ ಹಿಡಿದಾಗಲಾದರೂ ಅಕ್ಷರ ಕಾಣುತ್ತೆ, ಈ ಪ್ಲಸ್ ಕಣ್ಣಿಗೆ ಅದೂ ಇಲ್ಲ.

ಹೀಗೆ ವರ್ಷಗಟ್ಟಲೆ ಮಂಜು ಚಿತ್ರವೇ ಬರುತ್ತಿದ್ದರೆ ಮೆದುಳು ಆ ಕಣ್ಣಿನ ಮಾತು ಕೇಳುವುದನ್ನೇ ಬಿಡುತ್ತೆ. ಇದೇ ಸೋಮಾರಿ ಕಣ್ಣು. ಹ್ಯೂಬೆಲ್ ಮತ್ತು ವೀಸೆಲ್ ಅನ್ನುವ ಇಬ್ಬರು ವಿಜ್ಞಾನಿಗಳು 1960ರ ದಶಕದಲ್ಲಿ ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆ ಹೊಲಿದು ನೋಡಿದ್ದರು. ಕೆಲವು ತಿಂಗಳ ನಂತರ ರೆಪ್ಪೆ ಬಿಚ್ಚಿದರೆ ಕಣ್ಣು ಹೆಚ್ಚೂಕಡಿಮೆ ಸರಿಯಾಗೇ ಇತ್ತು, ಆದರೆ ಮೆದುಳಿನಲ್ಲಿ ಆ ಕಣ್ಣಿಗೆ ಸ್ಪಂದಿಸುವ ಕೋಶಗಳೇ ತೀರಾ ಕಡಿಮೆ ಆಗಿದ್ದವು. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗಲಿಲ್ಲ. 1981ರಲ್ಲಿ ಅವರಿಗೆ ನೊಬೆಲ್ ಬಂತು. ಮಕ್ಕಳಲ್ಲೂ ಏಳೆಂಟು ವರ್ಷದೊಳಗೆ ಸಿಕ್ಕರೆ ಸರಿಹೋಗುವ ಸಾಧ್ಯತೆ ಜಾಸ್ತಿ ಅನ್ನುವುದು ಇದಕ್ಕೇ.

ಮೆಳ್ಳೆಗಣ್ಣಾದರೆ ಬಂದ ನೆಂಟರಿಷ್ಟರೆಲ್ಲ ಹೇಳುತ್ತಾರೆ. ಇದು ಹೊರಗೆ ಕಾಣುವುದೇ ಇಲ್ಲ. ಮಗುವೂ ಹೇಳಲ್ಲ, ಅದಕ್ಕೆ ಪ್ರಪಂಚ ಮೊದಲಿಂದ ಹೀಗೇ ಅಲ್ವಾ?

ಮನೆಯಲ್ಲೇ ಒಂದು ಕೆಲಸ ಮಾಡಿ. ಗೋಡೆ ಕ್ಯಾಲೆಂಡರಿನ ಮುಂದೆ ಮಗುವನ್ನು ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿ ತಾರೀಖು ಓದಿಸಿ. ಮಗುವಿನ ಕೈಯಲ್ಲಿ ಮುಚ್ಚಿಸಬೇಡಿ, ಬೆರಳ ಸಂದಿಯಿಂದ ಇಣುಕುತ್ತೆ. ನಿಮ್ಮ ಅಂಗೈಯಲ್ಲೇ ಮುಚ್ಚಿ. ಇನ್ನೂ ಓದಲು ಬಾರದ ಕೂಸಾದರೆ, ಕಾಣದ ಕಣ್ಣು ಮುಚ್ಚಿದಾಗ ಸುಮ್ನೆ ಆಡಿಕೊಂಡಿರುತ್ತೆ, ಕಾಣುವ ಕಣ್ಣು ಮುಚ್ಚಿದ ತಕ್ಷಣ ನಿಮ್ಮ ಕೈ ತಳ್ಳಿ ರಗಳೆ ತೆಗೆಯುತ್ತೆ. ಎರಡು ಕಣ್ಣಿಗೂ ಒಂದೇ ಥರ ಇದ್ದರೂ ಡಾಕ್ಟರ ಹತ್ತಿರ ಒಮ್ಮೆ ತೋರಿಸಿ. ನನ್ನಂಥವರ ಅಂಗಡಿಯ ಕಂಪ್ಯೂಟರಿಗೆ ಗಲ್ಲ ಒತ್ತಿಸಿ ಬಂದ ಚೀಟಿ ಮಕ್ಕಳಿಗೆ ಸಾಲದು. ಫೋಕಸ್ ಮಾಡುವ ಬಲವನ್ನು ಸಡಿಲಿಸುವ ಡ್ರಾಪ್ಸ್ ಹಾಕಿ ನೋಡದಿದ್ದರೆ ಮಕ್ಕಳ ಪ್ಲಸ್ ನಂಬರ್ ಅಡಗಿಬಿಡುತ್ತೆ. ಡ್ರಾಪ್ಸ್ ಹಾಕಿದರೆ ಒಂದೆರಡು ದಿನ ಹೋಂವರ್ಕ್ ಬರೆಯಲಾಗಲ್ಲ ಅಂತ ಬೇಡ ಅನ್ನುವವರಿದ್ದಾರೆ, ಇವರಿಗೆ ಏನು ಹೇಳೋದು!

ಆಮೇಲೆ ಶುರು ಆಗುವುದು ಮನೆಯವರ ತಕರಾರು. "ಒಂದು ಕಡೆ ಮಾತ್ರ ಸೋಡಾ ಗ್ಲಾಸ್ ಕಾಣುತ್ತೆ, ಸ್ವಲ್ಪ ನಂಬರ್ ಕಡಿಮೆ ಮಾಡಿ ಹಾಕಿ." ಹೆಣ್ಣು ಮಗು ಆದರಂತೂ ಐದು ವರ್ಷದ ಕೂಸಿನ ಮದುವೆ ಚಿಂತೆ ನನ್ನ ಕೌಂಟರಿನ ಮೇಲೇ ನಡೆಯುತ್ತೆ. ನಾನು ಕಡಿಮೆ ಮಾಡಲ್ಲ. ಬರೆದಿರುವ ನಂಬರೇ ಔಷಧ. ಎಷ್ಟೋ ಮಕ್ಕಳಿಗೆ ಕೆಲವು ತಿಂಗಳು ಕನ್ನಡಕ ಬಿಡದೆ ಹಾಕಿದರೇ ಸೋಮಾರಿ ಕಣ್ಣು ಸುಧಾರಿಸುತ್ತೆ. ಅದು ಸಾಲದಿದ್ದರೆ ಒಳ್ಳೇ ಕಣ್ಣಿಗೆ ಪಟ್ಟಿ. ಇದೇನು ಹೊಸ ಫ್ಯಾಷನ್ ಅಲ್ಲ, ಫ್ರಾನ್ಸಿನ ವಿಜ್ಞಾನಿ ಬಫನ್ 1743ರಲ್ಲೇ ಬರೆದಿದ್ದ. ದಿನವಿಡೀ ಕಟ್ಟಬೇಕು ಅಂತಲೂ ಇಲ್ಲ. ದೃಷ್ಟಿ ತೀರಾ ಕೆಟ್ಟಿರದ ಮಕ್ಕಳಿಗೆ ದಿನಕ್ಕೆ 2 ಗಂಟೆ ಕಟ್ಟಿದರೂ 6 ಗಂಟೆ ಕಟ್ಟಿದಷ್ಟೇ ಫಲ ಅಂತ 2003ರಲ್ಲಿ ಅಮೆರಿಕದ ಪರೀಕ್ಷೆಯೊಂದು ತೋರಿಸಿತು. ಎಷ್ಟು ಹೊತ್ತು ಅಂತ ಡಾಕ್ಟರು ಹೇಳುತ್ತಾರೆ, ಪಕ್ಕದ ಮನೆಯವರನ್ನು ಕೇಳಬೇಡಿ.

ದೊಡ್ಡವರ ಕಥೆ ಬೇರೆ. ವ್ಯತ್ಯಾಸ ಮೂರು ನಾಲ್ಕು ದಾಟಿದರೆ ಕನ್ನಡಕದಲ್ಲಿ ಒಂದು ಕಣ್ಣಿನ ಚಿತ್ರ ದೊಡ್ಡದು, ಇನ್ನೊಂದರದ್ದು ಚಿಕ್ಕದು. ತಲೆನೋವು, ಮೆಟ್ಟಿಲು ಇಳಿಯುವಾಗ ಅಂದಾಜು ತಪ್ಪುವುದು, ಓದಲು ಕಣ್ಣು ಕೆಳಗಿಳಿಸಿದರೆ ಸಾಲು ಎರಡಾಗುವುದು. ಅಂಥವರಿಗೆ ಕಾಂಟ್ಯಾಕ್ಟ್ ಲೆನ್ಸ್ ಎಷ್ಟೋ ವಾಸಿ. ಜಾಸ್ತಿ ನಂಬರ್ ಇದ್ದವರು ಒಂದು ಕಣ್ಣಿಗೆ ಪೊರೆ ಆಪರೇಷನ್ ಮಾಡಿಸಿಕೊಂಡು ಇನ್ನೊಂದನ್ನು "ಮುಂದಿನ ವರ್ಷ ನೋಡೋಣ" ಅಂದಾಗಲೂ ಇದೇ ಪಾಡು.

ಇನ್ನು, ಚಿಕ್ಕಂದಿನಲ್ಲಿ ಯಾರೂ ನೋಡದೆ ಒಂದೇ ಕಣ್ಣಿನಲ್ಲಿ ಬದುಕು ಸಾಗಿಸುತ್ತಿರುವವರು ಬಹಳ ಜನ. ಈ ವಯಸ್ಸಲ್ಲಿ ಪೂರ್ತಿ ಸರಿಮಾಡಿಕೊಡುತ್ತೇವೆ ಅನ್ನುವ ಜಾಹೀರಾತು ಕಂಡರೆ ದುಡ್ಡು ಕೊಡುವ ಮುಂಚೆ ಇನ್ನೊಬ್ಬ ಕಣ್ಣಿನ ಡಾಕ್ಟರನ್ನು ಕೇಳಿ. ಇರುವ ಆ ಒಂದು ಒಳ್ಳೇ ಕಣ್ಣು ಕಾಪಾಡಿಕೊಳ್ಳಲು, ನಂಬರ್ ಇರಲಿ ಬಿಡಲಿ, ಗಟ್ಟಿಯಾದ ಪಾಲಿಕಾರ್ಬೊನೇಟ್ ಗ್ಲಾಸ್ ಹಾಕಿಕೊಳ್ಳಿ. ವೆಲ್ಡಿಂಗ್, ಗ್ರೈಂಡಿಂಗ್, ಕಳೆ ಕೊಚ್ಚುವ ಮೆಷಿನ್ ಹಿಡಿಯುವವರು ಅದರ ಮೇಲೆ ಕೆಲಸದ ಗಾಗಲ್ಸೂ ಹಾಕಬೇಕು. ದುಬಾರಿ ಅಂತ ಗೊತ್ತು, ನಾನೇ ಮಾರುವುದು. ಬೇರೆ ಅಂಗಡಿಯಲ್ಲಿ ಕಡಿಮೆಗೆ ಸಿಕ್ಕರೆ ಅಲ್ಲೇ ತಗೊಳ್ಳಿ.