ಕರ್ತೃಪದ ಕಾಣೆಯಾಗಿದೆ

ಭೂಮಿ ಬಿಸಿಯಾಗುತ್ತಿದೆ ಎಂಬ ವಾಕ್ಯದಲ್ಲಿ ಒಂದು ದೊಡ್ಡ ಅನುಕೂಲವಿದೆ. ಬಿಸಿ ಮಾಡುತ್ತಿರುವವರು ಯಾರೂ ಅದರಲ್ಲಿ ಇಲ್ಲ. ಗಾಜಿನ ಲೋಟವನ್ನು ಬೀಳಿಸಿದ ಮಗು "ಲೋಟ ಒಡೆದುಹೋಯಿತು" ಎನ್ನುತ್ತದೆಯೇ ಹೊರತು "ನಾನು ಒಡೆದೆ" ಎನ್ನುವುದಿಲ್ಲ. ಮಗುವಿನ ಈ ವ್ಯಾಕರಣಜ್ಞಾನವನ್ನು ನಾವು ಬೇಗನೆ ಗದರಿಸಿ ತಿದ್ದುತ್ತೇವೆ. ಅದೇ ಜ್ಞಾನವನ್ನು ಸುಮಾರು 200 ದೇಶಗಳ ಪ್ರತಿನಿಧಿಗಳು ವರ್ಷಕ್ಕೊಮ್ಮೆ ಒಂದೆಡೆ ಕಲೆತು, ಎರಡು ವಾರ ನಿದ್ದೆಗೆಟ್ಟು ಪ್ರದರ್ಶಿಸಿದಾಗ ಮಾತ್ರ ಅದಕ್ಕೆ ಹವಾಮಾನ ಶೃಂಗಸಭೆ ಎಂಬ ಗೌರವದ ಹೆಸರು ದೊರೆಯುತ್ತದೆ.

ವಿಜ್ಞಾನಿಗಳಿಗೆ ಇಂಥ ವ್ಯಾಕರಣದ ಸಂಕೋಚ ಎಂದೂ ಇರಲಿಲ್ಲ. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ನಳಿಕೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆಂದು ಯೂನಿಸ್ ಫುಟ್ 1856ರಲ್ಲೇ ತೋರಿಸಿದ್ದರು. ಆ ಅನಿಲ ಹೆಚ್ಚಿದರೆ ಭೂಮಿಯ ಉಷ್ಣತೆ ಎಷ್ಟು ಏರೀತೆಂದು ಸ್ವಾಂಟೆ ಅರೇನಿಯಸ್ 1896ರಲ್ಲಿ ಕೈಯಲ್ಲೇ ಲೆಕ್ಕ ಹಾಕಿದ್ದರು. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ 280ರಷ್ಟಿದ್ದ ಆ ಅನಿಲವು, ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳತೆ ಆರಂಭವಾದಾಗ 315ರ ಆಸುಪಾಸಿನಲ್ಲಿತ್ತು. 2024ರಲ್ಲಿ 424 ದಾಟಿತು. ಕಲ್ಲಿದ್ದಲು, ತೈಲ, ಅನಿಲಗಳೆಂಬ ಪಳೆಯುಳಿಕೆ ಇಂಧನಗಳನ್ನು ಸುಟ್ಟದ್ದೇ ಇದಕ್ಕೆ ಮುಖ್ಯ ಕಾರಣ. ಮಾನವನ ಪ್ರಭಾವವು ವಾತಾವರಣವನ್ನೂ ಸಾಗರವನ್ನೂ ನೆಲವನ್ನೂ ಬಿಸಿ ಮಾಡಿದೆ ಎಂಬುದು ನಿಸ್ಸಂಶಯವೆಂದು ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2021ರಲ್ಲಿ ಬರೆಯಿತು. ಕರ್ತೃ, ಕರ್ಮ, ಕ್ರಿಯೆ ಮೂರೂ ಅಲ್ಲಿವೆ. (ಮಾನವ ಎಂಬ ಪದವೂ ಸ್ವಲ್ಪ ಧಾರಾಳದ್ದೇ ಎನ್ನಿ, ಮನೆಗೆ ಇನ್ನೂ ವಿದ್ಯುತ್ತೇ ಬಾರದವನೂ ಖಾಸಗಿ ವಿಮಾನದ ಒಡೆಯನೂ ಅದರಲ್ಲಿ ಅಕ್ಕಪಕ್ಕ ಕುಳಿತಿರುತ್ತಾರೆ.)

ರಾಜತಾಂತ್ರಿಕರ ಕೈಗೆ ಸಿಕ್ಕ ಮೇಲೆ ಈ ವಾಕ್ಯ ಏನಾಯಿತೆಂಬುದು ಸ್ವಾರಸ್ಯಕರ. ಈ ಸಭೆಗಳಿಗೆಲ್ಲ ತಳಹದಿಯಾದ 1992ರ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯಲ್ಲಿ ಪಳೆಯುಳಿಕೆ ಇಂಧನದ ಹೆಸರು ಬರುತ್ತದೆ, ನಿಜ. ಆದರೆ ಆರೋಪಿಯಾಗಿ ಅಲ್ಲ. ಅದನ್ನು ತೆಗೆದು, ಮಾರಿ ಬದುಕುವ ದೇಶಗಳಿಗೆ ಹವಾಮಾನ ಕ್ರಮಗಳಿಂದ ತೊಂದರೆಯಾಗಬಹುದಾದ್ದರಿಂದ ಅವುಗಳ ಕಷ್ಟವನ್ನೂ ಗಮನಿಸಬೇಕೆಂಬ ಅನುಕಂಪದ ಮಾತಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಇಪ್ಪತ್ತಮೂರು ವರ್ಷಗಳ ನಂತರ ಬಂದ ಪ್ಯಾರಿಸ್ ಒಪ್ಪಂದದಲ್ಲಿ ಆ ಉಲ್ಲೇಖವೂ ಉಳಿಯಲಿಲ್ಲ. ಉಷ್ಣತೆಯ ಏರಿಕೆಯನ್ನು 1.5 ಡಿಗ್ರಿಗೆ ತಡೆಯಲು ಯತ್ನಿಸುವ ಆ ಐತಿಹಾಸಿಕ ದಾಖಲೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೂ ಕಲ್ಲಿದ್ದಲು ಎಂಬ ಪದ ಸಿಗುವುದಿಲ್ಲ, ತೈಲ ಎಂಬ ಪದವೂ ಸಿಗುವುದಿಲ್ಲ. ಅಂಗೀಕಾರದ ದಿನ ಇನ್ನೊಂದು ಚಮತ್ಕಾರ ನಡೆಯಿತು. ಮುಂದುವರಿದ ದೇಶಗಳು ಹೊಗೆಯನ್ನು ತಗ್ಗಿಸತಕ್ಕದ್ದು ಎಂಬರ್ಥದ ಇಂಗ್ಲಿಷ್ ಕ್ರಿಯಾಪದವೊಂದು ಕರಡಿನಲ್ಲಿ ಉಳಿದುಬಿಟ್ಟಿದ್ದನ್ನು ಅಮೆರಿಕ ಕಂಡು ಗಾಬರಿಯಾಯಿತು. ಅಂತಿಮ ಸಭೆ ಗಂಟೆಗಟ್ಟಲೆ ತಡವಾಯಿತು. ಕಡೆಗೆ ಅದನ್ನು ಮುದ್ರಣದೋಷಗಳ ಪಟ್ಟಿಯಲ್ಲಿ ಸೇರಿಸಿ, ತಗ್ಗಿಸುವುದು ಉಚಿತ ಎಂಬರ್ಥದ ಕ್ರಿಯಾಪದವಾಗಿ ತಿದ್ದಿ ಓದಲಾಯಿತು. ಕನ್ನಡದಲ್ಲಿ ಉಚಿತ ಎಂದರೆ ಪುಕ್ಕಟೆ ಎಂದೂ ಆಗುತ್ತದೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

ಈ ಶೈಲಿಯ ಶಿಖರವನ್ನು ಕಾಣಬೇಕಾದರೆ 2021ರ ಗ್ಲಾಸ್ಗೋ ನಿರ್ಣಯವನ್ನೇ ಓದಬೇಕು. ಕಲ್ಲಿದ್ದಲನ್ನು ಕೊನೆಗೂ ಹೆಸರಿಸಿದ ಆ ವಾಕ್ಯವು ಕಲ್ಲಿದ್ದಲನ್ನು ನಿಲ್ಲಿಸಿ ಎನ್ನುವುದಿಲ್ಲ. ಹೊಗೆಯನ್ನು ಹಿಡಿದಿಡದ ಕಲ್ಲಿದ್ದಲು ವಿದ್ಯುತ್ತನ್ನು ಮಾತ್ರ, ಅದನ್ನೂ ನಿಲ್ಲಿಸದೆ ಹಂತಹಂತವಾಗಿ ಇಳಿಸಿ ಎನ್ನುತ್ತದೆ. ಇಳಿಸಿ ಎಂದೂ ಅಲ್ಲ, ಇಳಿಕೆಯತ್ತ ಪ್ರಯತ್ನಗಳನ್ನು ಚುರುಕುಗೊಳಿಸಿ ಎನ್ನುತ್ತದೆ. ಹಾಗೆಂದು ಆಜ್ಞಾಪಿಸುವುದೂ ಇಲ್ಲ, ಕರೆ ನೀಡುತ್ತದೆ. ಈರುಳ್ಳಿಯ ಸಿಪ್ಪೆಯನ್ನು ಒಂದೊಂದಾಗಿ ಸುಲಿಯುತ್ತ ಹೋದಂತೆ, ಕೊನೆಯಲ್ಲಿ ಕೈಗೆ ಉಳಿಯುವುದು ಕಣ್ಣೀರು ಮಾತ್ರ. ಸಭಾಧ್ಯಕ್ಷ ಅಲೋಕ್ ಶರ್ಮಾ ವೇದಿಕೆಯ ಮೇಲೆ ನಿಜಕ್ಕೂ ಕಣ್ಣೀರು ತಡೆಯಲು ಹೆಣಗಿದರು, ಏಕೆಂದರೆ 'ನಿಲ್ಲಿಸುವುದು' ಎಂದಿದ್ದ ಪದ 'ಇಳಿಸುವುದು' ಆದದ್ದು ಕೊನೆಯ ಗಳಿಗೆಯಲ್ಲಿ, ಭಾರತದ ಸಚಿವರ ಕೋರಿಕೆಯಂತೆ. ಶ್ರೀಮಂತ ದೇಶಗಳು ಧಾರಾಳವಾಗಿ ಸುಡುವ ತೈಲವನ್ನೂ ಅನಿಲವನ್ನೂ ಬಿಟ್ಟು, ಬಡ ದೇಶಗಳು ಅವಲಂಬಿಸಿರುವ ಕಲ್ಲಿದ್ದಲನ್ನು ಮಾತ್ರ ಹೆಸರಿಸಿದ್ದರಲ್ಲಿ ನ್ಯಾಯವಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಹಾಗಾದರೆ ಎಲ್ಲ ಪಳೆಯುಳಿಕೆ ಇಂಧನಗಳನ್ನೂ ಇಳಿಸೋಣವೆಂದು ಮರುವರ್ಷ ಭಾರತವೇ ಹೇಳಿದಾಗ ಆ ಮಾತಿಗೆ ಅಂತಿಮ ಪಠ್ಯದಲ್ಲಿ ಜಾಗ ಸಿಗಲಿಲ್ಲ. ಅದೇ ಗ್ಲಾಸ್ಗೋ ವಾಕ್ಯವು 'ಅಸಮರ್ಥ' ಇಂಧನ ಸಬ್ಸಿಡಿಗಳನ್ನು ಕೈಬಿಡಬೇಕೆಂದೂ ಕರೆ ನೀಡಿದೆ. ತನ್ನ ಸಬ್ಸಿಡಿ ಅಸಮರ್ಥವೆಂದು ಎದ್ದು ನಿಂತು ಒಪ್ಪಿಕೊಳ್ಳುವ ಸರ್ಕಾರಕ್ಕಾಗಿ ಆ ವಿಶೇಷಣ ಕಾದು ಕುಳಿತಿದೆ.

2023ರಲ್ಲಿ ದುಬೈ ಸಭೆಯ ಅಧ್ಯಕ್ಷತೆಯನ್ನು ಆತಿಥೇಯ ದೇಶದ ರಾಷ್ಟ್ರೀಯ ತೈಲ ಕಂಪನಿಯ ಮುಖ್ಯಸ್ಥರೇ ವಹಿಸಿದರು. ಮೂರು ಇಂಧನಗಳನ್ನೂ ಒಳಗೊಂಡು, ಅವುಗಳಿಂದ 'ದೂರ ಸಾಗುವುದು' ಎಂಬ ಪದಪುಂಜ ಹೊರಬಂದದ್ದು ಅಲ್ಲಿಯೇ. ದೂರ ಎಷ್ಟು, ಎಂದು ಹೊರಡುವುದು ಎಂಬುದನ್ನು ಯಾರೂ ಕೇಳಲಿಲ್ಲ. ಮುಂದಿನ ವರ್ಷ ಅಜರ್‌ಬೈಜಾನ್‌ನ ಬಾಕುವಿನಲ್ಲಿ ಆತಿಥೇಯ ದೇಶದ ಅಧ್ಯಕ್ಷರು ತೈಲ ಮತ್ತು ಅನಿಲ ದೇವರು ಕೊಟ್ಟ ಉಡುಗೊರೆ ಎಂದರು. ಕರ್ತೃಪದ ಸಿಕ್ಕೇಬಿಟ್ಟಿತು, ಇನ್ನು ವಿಚಾರಣೆಗೆ ಯಾರನ್ನು ಕರೆಯುವುದು?

ಇಷ್ಟೆಲ್ಲ ಸಿಪ್ಪೆ ಏಕೆ ಬೆಳೆಯಿತೆಂಬುದಕ್ಕೆ ಕಾರಣ ಸರಳವಾಗಿದೆ. 1995ರ ಮೊದಲ ಸಭೆಯಿಂದ ಇಂದಿನವರೆಗೂ ಮತದಾನದ ನಿಯಮಕ್ಕೆ ಸರ್ವಸಮ್ಮತಿ ಸಿಕ್ಕಿಲ್ಲ. ಮತದಾನದ ನಿಯಮ ಇಲ್ಲದ್ದರಿಂದ ಪ್ರತಿಯೊಂದಕ್ಕೂ ಸರ್ವಸಮ್ಮತಿ ಬೇಕು. ಹೀಗಾಗಿ ಬೆಂಕಿ ಆರಿಸುವ ನಿರ್ಧಾರಕ್ಕೆ ಸೀಮೆಎಣ್ಣೆ ಮಾರುವವನ ಸಹಿಯೂ ಅಗತ್ಯ. 1990ಕ್ಕೆ ಹೋಲಿಸಿದರೆ ಪಳೆಯುಳಿಕೆ ಇಂಧನಗಳಿಂದ ಹೊಮ್ಮುವ ಇಂಗಾಲದ ಡೈಆಕ್ಸೈಡ್ ಇಂದು ಶೇ. 60ಕ್ಕೂ ಹೆಚ್ಚಾಗಿದೆ. ಸಹಿ ಮಾಡಿದವರೆಲ್ಲರ ಅಕ್ಷರ ಮಾತ್ರ ದುಂಡಗಿದೆ.

ಪರಿಹಾರ ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ: ಸಮಸ್ಯೆಯನ್ನು ನೀಗಿಸುವುದು ಒಂದು, ಆದ ನಷ್ಟವನ್ನು ತುಂಬಿಕೊಡುವುದು ಇನ್ನೊಂದು. ಮೊದಲನೆಯದರ ಗತಿ ಮೇಲೆ ಹೇಳಿದಂತಾಯಿತು. ಎರಡನೆಯದನ್ನು ಪ್ಯಾರಿಸ್‌ನಲ್ಲಿಯೇ ಬಾಗಿಲ ಹೊರಗೆ ನಿಲ್ಲಿಸಲಾಗಿದೆ. ನಷ್ಟ ಮತ್ತು ಹಾನಿಯ ವಿಧಿಯು ಯಾವುದೇ ಹೊಣೆಗಾರಿಕೆಗೆ ಅಥವಾ ಪರಿಹಾರಕ್ಕೆ ಆಧಾರವಾಗದು ಎಂದು ಅಲ್ಲಿನ ನಿರ್ಣಯದಲ್ಲಿ ಸ್ಪಷ್ಟವಾಗಿ, ಒಂದು ವಿಶೇಷಣದ ಮಸುಕೂ ಇಲ್ಲದೆ ಬರೆಯಲಾಗಿದೆ. ಸ್ಪಷ್ಟವಾಗಿ ಬರೆಯಲು ಇವರಿಗೆ ಬರುವುದೇ ಇಲ್ಲ ಎಂಬ ಅಪವಾದವನ್ನು ಆದ್ದರಿಂದ ನಾನು ಒಪ್ಪುವುದಿಲ್ಲ. ಸಾಗರ ಏರುತ್ತಿರುವ ತುವಾಲು ದ್ವೀಪರಾಷ್ಟ್ರ 2023ರಲ್ಲಿ ತನ್ನ ಸಂವಿಧಾನವನ್ನು ಬದಲಿಸಿ, ನೆಲ ಹೋದರೂ ದೇಶ ಶಾಶ್ವತವಾಗಿ ಇರುತ್ತದೆ ಎಂದು ಸೇರಿಸಿತು. ಎಲ್ಲಿ ಎಂದು ಕೇಳಿದರೆ ಸಪ್ತಮಿ ವಿಭಕ್ತಿಯಲ್ಲಿ ಉತ್ತರ ಹೇಳಲಾಗದ ದೇಶ ಅದೊಂದೇ ಆಗಬಹುದು. ಅದರ ಜನರಿಗೆ ವರ್ಷಕ್ಕೆ 280 ಮಂದಿಯಂತೆ ನೆಲೆ ಕೊಡಲು ಒಪ್ಪಿರುವ ಆಸ್ಟ್ರೇಲಿಯ, ಜಗತ್ತಿನ ಅತಿ ದೊಡ್ಡ ಕಲ್ಲಿದ್ದಲು ರಫ್ತುದಾರರಲ್ಲಿ ಒಂದು.

ಈ ನಡುವೆ ಕರ್ತೃಪದವನ್ನು ಹುಡುಕಿಕೊಡಲು ಖಾಸಗಿ ವಲಯವೂ ಶ್ರಮಿಸಿದೆ. ಪ್ರತಿಯೊಬ್ಬನೂ ತನ್ನ ಇಂಗಾಲದ ಹೆಜ್ಜೆಗುರುತನ್ನು ಲೆಕ್ಕಹಾಕಿಕೊಳ್ಳಲೆಂದು ಸಾಧನವೊಂದನ್ನು ಈ ಶತಮಾನದ ಮೊದಲ ದಶಕದಲ್ಲಿ ಜಾಹೀರಾತುಗಳ ಮೂಲಕ ಜನಪ್ರಿಯಗೊಳಿಸಿದ್ದು ಬಿಪಿ ಎಂಬ ತೈಲ ಕಂಪನಿ. ಹುಡುಕಾಟದ ಫಲಿತಾಂಶ: ಕರ್ತೃ ನೀವೇ. ದೀಪ ಆರಿಸಲು ಮರೆತವರು ನೀವು. ಬಾವಿ ತೋಡಿ ತೈಲ ತೆಗೆದವರು ಬರೀ ಸಾಕ್ಷಿಗಳು.

ಇದಕ್ಕಿಂತ ಕೆಳಮಟ್ಟದ ಗದ್ಯವೂ ಲೋಕದಲ್ಲಿದೆ ಎಂಬುದನ್ನು ವಿಷಾದದಿಂದ ದಾಖಲಿಸಬೇಕಾಗಿದೆ. ಓಜೋನ್ ಪದರವನ್ನು ಉಳಿಸಲು 1987ರಲ್ಲಿ ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದದಲ್ಲಿ ಹಾನಿಕಾರಕ ರಾಸಾಯನಿಕಗಳ ಹೆಸರುಗಳನ್ನು ಪಟ್ಟಿ ಮಾಡಿ, ಯಾವ ವರ್ಷಕ್ಕೆ ಎಷ್ಟು ಕಡಿತ ಎಂದು ಕಿರಾಣಿ ಲೆಕ್ಕದಂತೆ ಬರೆದುಬಿಟ್ಟಿದ್ದಾರೆ. ಧ್ವನಿಯಿಲ್ಲ, ವ್ಯಂಜನೆಯಿಲ್ಲ. ಅವುಗಳಲ್ಲಿ ಶೇ. 99ರಷ್ಟು ಇಂದು ಬಳಕೆಯಿಂದ ಹೋಗಿ, ಪದರ ಚೇತರಿಸಿಕೊಳ್ಳುತ್ತಿದೆ. ಅದೇ ಅರಸಿಕತನ ಎಂಜಿನಿಯರುಗಳಲ್ಲೂ ಕಾಣುತ್ತದೆ. 2010ರಿಂದ 2019ರ ನಡುವೆ ಅವರು ಸೌರ ವಿದ್ಯುತ್ತಿನ ವೆಚ್ಚವನ್ನೂ ಲಿಥಿಯಂ ಬ್ಯಾಟರಿಯ ವೆಚ್ಚವನ್ನೂ ಶೇ. 85ರಷ್ಟು ಇಳಿಸಿಬಿಟ್ಟರು, ಇಳಿಕೆಯತ್ತ ಪ್ರಯತ್ನಗಳನ್ನು ಚುರುಕುಗೊಳಿಸಲು ಕರೆ ನೀಡುವ ಸೌಜನ್ಯವನ್ನೂ ತೋರದೆ.

2025ರ ಸಭೆ ಬ್ರೆಜಿಲ್‌ನ ಬೆಲೆಂ ನಗರದಲ್ಲಿ ನಡೆಯಿತು. ದೂರ ಸಾಗುವ ದಾರಿಯ ನಕ್ಷೆಯನ್ನಾದರೂ ಬರೆಯೋಣವೆಂದು 80ಕ್ಕೂ ಹೆಚ್ಚು ದೇಶಗಳು ಕೇಳುತ್ತಿದ್ದವು. ನವೆಂಬರ್ 20ರಂದು ಸಭಾಸ್ಥಳಕ್ಕೇ ಬೆಂಕಿ ಬಿತ್ತು. ಹೊಗೆ ಕಂಡೊಡನೆ ಸಾವಿರಾರು ಮಂದಿ ಹೊರಗೆ ಧಾವಿಸಿದರು. ಧಾವಿಸುವುದೋ, ಧಾವಿಸುವತ್ತ ಪ್ರಯತ್ನಿಸುವುದೋ ಎಂದು ಯಾರೂ ತಿದ್ದುಪಡಿ ಸೂಚಿಸಲಿಲ್ಲ, ಸರ್ವಸಮ್ಮತಿಗಾಗಿ ಕಾಯಲೂ ಇಲ್ಲ. ಬೆಂಕಿ ಆರಿತು, ಎಲ್ಲರೂ ಒಳಗೆ ಮರಳಿದರು. ಎರಡು ದಿನಗಳ ನಂತರ ಹೊರಬಂದ ಅಂತಿಮ ನಿರ್ಣಯದಲ್ಲಿ ಪಳೆಯುಳಿಕೆ ಇಂಧನ ಎಂಬ ಪದ ಇರಲಿಲ್ಲ.